ಕಳೆಯುವ ಲೆಕ್ಕ

ಹದಿನೆಂಟು ವರ್ಷ ಹಂಚು ಹೊತ್ತವಳು ನಾನು,
ಹೊಯಿಗೆಬಜಾರಿನ ಕಾರ್ಖಾನೆಯಲ್ಲಿ, ತಲೆಯ ಮೇಲೆ ಆರಾರು.
ಆದರೆ ಮಾಡು ಹತ್ತಿದ್ದು
ಮೊನ್ನೆಯೇ ಮೊದಲು.

ಲ್ಯಾನ್ಸಿ ಫೋನು ಎತ್ತುವುದಿಲ್ಲ. ಎತ್ತಿದರೆ
"ನಾಳೆ ಬರ್ತೇನೆ ಮಾರಾಯ್ರೆ" ಅನ್ನುತ್ತಾನೆ.
ಅವನ ನಾಳೆಗೆ ಎರಡು ತಿಂಗಳು ತುಂಬಿತು.
ಪತ್ತನಾಜೆ ಹತ್ತಿರ ಬಂತು.
ಬೆಕ್ಕು ಹಾರಿ ಒಡೆದ ಹಂಚಿನ ಜಾಗದಲ್ಲಿ
ಅಂಗೈಯಗಲ ಆಕಾಶ.
ಏಣಿ ಒರಗಿಸಿ, ಸೀರೆ ಎತ್ತಿ ಸಿಕ್ಕಿಸಿದೆ.
ಕೆಳಗೆ ಏಣಿ ಹಿಡಿದ ತಂಗಿ ವಾರಿಜ
ನನಗಿಂತ ಹೆಚ್ಚು ಬೆವರಿದಳು.

ಹತ್ತಿದ ಮೇಲೆ ತಿಳಿಯಿತು,
ಹಂಚಿಗೆ ಹಂಚು ಹಲ್ಲು ಕಚ್ಚಿ ಕೂತಿರುತ್ತದೆ.
ಆಣಿ ಇಲ್ಲ, ಗಾರೆ ಇಲ್ಲ.
ಮೇಲಿನದನ್ನು ಒಂಚೂರು ಎತ್ತಿದರೆ ಸಾಕು,
ಒಡೆದದ್ದು ರೀಪು ಬಿಟ್ಟು ಕೈಗೆ ಬರುತ್ತದೆ.
ಲಕ್ಷಗಟ್ಟಲೆ ಎಣಿಸಿದ್ದೆ.
ಒಂದನ್ನೂ ಜೋಡಿಸಿರಲಿಲ್ಲ.

ಕಾರ್ಖಾನೆ ಮುಚ್ಚಿದಾಗ ಬಂದ ದುಡ್ಡಿನಲ್ಲಿ
ಇನೋಳಿಯ ಗುಡ್ಡೆಯಲ್ಲಿ ಎರಡೂವರೆ ಸೆಂಟ್ಸು:
ಒಂದು ಗೇರುಮರ, ನಾಲ್ಕು ಗಡಿಕಲ್ಲು,
ಪಕ್ಕದವರ ಅಕೇಶಿಯಾ ಬಾಗಿದಾಗ ಮಾತ್ರ ಕಾಣುವ ನದಿ.
ಅಲ್ಲೊಂದು ಒಂಟಿಕೋಣೆಯ ಬಿಡಾರ.
ನಕ್ಷೆ ಮೆಸ್ಕಾಂ ಬಿಲ್ಲಿನ ಹಿಂದೆ.
ಬಿಲ್ಲಿಗೆ ಅಗಲವಿಲ್ಲ, ಹಾಗಾಗಿ ಬಿಡಾರವೂ
ಸಿಟಿಬಸ್ಸಿನ ಹಾಗೆ ಉದ್ದಕ್ಕೆ.
ಎದುರಿನ ಅಂಕಿಗಳು ಅಳಿಸಿಹೋಗಿವೆ,
ನನ್ನ ಪೆನ್ಸಿಲ್ ಗೆರೆ ಗಟ್ಟಿಯಾಗಿದೆ.

ಶುರುವಿನಲ್ಲಿ ಎಲ್ಲ ಇತ್ತು,
ಒಳಗೇ ಬಚ್ಚಲು, ಮೂರು ನಲ್ಲಿ, ಅಟ್ಟ, ನಾಲ್ಕು ಕಿಟಕಿ,
ಬಂದವರಿಗೆಂದು ಎರಡನೇ ಮಂಚ.

ಆಮೇಲೆ ನಮ್ಮ ಫ್ಲಶ್ ಟ್ಯಾಂಕು ಸೋರತೊಡಗಿತು.
ಮೊಣಕೈವರೆಗೆ ಕೈ ಹಾಕಿ ತೇಲುಗುಂಡು ತಿರುಗಿಸಿದ ಸಂಜೆ
ಕೈ ತೊಳೆದು, ರಬ್ಬರು ತೆಗೆದು
ಬಚ್ಚಲನ್ನು ಬಿಡಾರದ ಹೊರಗೆ ಹಾಕಿದೆ.
ಕಿಟಕಿಯ ಬಿಜಾಗರಿ ತುಕ್ಕು ಹಿಡಿದಿತ್ತು.
ಮೂರು ದಿನ ತೆಂಗಿನೆಣ್ಣೆ ಕುಡಿಸಿದರೂ
ಸ್ಕ್ರೂ ಜಪ್ಪಯ್ಯ ಅನ್ನಲಿಲ್ಲ.
ಎರಡು ಕಿಟಕಿ ಹೋದವು. ಅಟ್ಟವೂ ಹೋಯಿತು,
ಅದಕ್ಕೆ ಕಾರಣ ನನ್ನ ಮೊಣಕಾಲು.

ಪುತ್ತಬ್ಬ ಬ್ಯಾರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲ ಸಲ
"ನಲ್ಲಿಗೆ ಹಾಕುವುದು ಕೊಡಿ" ಅಂದೆ.
ಈಗ "ಅರ್ಧ ಇಂಚಿನ ವಾಷರು ನಾಲ್ಕು."
ಅವರು ಕನ್ನಡಕದ ಮೇಲಿಂದ ನೋಡಿದರು.
"ಮೇಸ್ತ್ರಿ ಯಾರು?"
"ನಾನೇ."
ಒಂದು ವಾಷರು ಹೆಚ್ಚು ಹಾಕಿದರು, ನಗಲಿಲ್ಲ.

ಸ್ವಿಚ್‌ಬೋರ್ಡಿನ ದಿನ ಮೇನ್ ಆಫ್ ಮಾಡಿದೆ,
ಹೋಗಿ ನೋಡಿದೆ, ಬಂದು ಮತ್ತೆ ಹೋಗಿ ನೋಡಿದೆ.
ಮುಚ್ಚಳ ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ ಎರಡು,
ಜೀರಿಗೆ ಪೆಪ್ಪರ್‌ಮಿಂಟಿನ ಹಾಗೆ ಬೆಳ್ಳಗೆ.
ಮುಚ್ಚಳ ಹಾಕಿಬಿಟ್ಟೆ.
ಆ ಕೋಣೆಗೆ ಇನ್ನೂ ದೀಪವಿಲ್ಲ.
ಬಿಡಾರಕ್ಕೆ ಒಂದು ಬಲ್ಬು ಸಾಕೆಂದು ಬರೆದುಕೊಂಡೆ.

"ಹೀಗೆ ಉಜ್ಜುತ್ತಾ ಹೋದರೆ
ಕೊನೆಗೆ ಗುಡ್ಡೆ ಮಾತ್ರ ಉಳಿದೀತು" ಅಂತಾಳೆ ವಾರಿಜ.
ಎರಡನೇ ಮಂಚ ಅವಳದ್ದೆಂದು ನಾನು ಹೇಳಿರಲಿಲ್ಲ.
ಅದನ್ನು ಅಳಿಸಿಯೂ ಇಲ್ಲ.

ಹಂಚು ಹಾಕಿದ್ದೇನೋ ಸರಿ,
ಮರುದಿನ ಮಧ್ಯಾಹ್ನ ಮೇಜು ಕತ್ತಲೆ.
ಆ ತೂತಿನಿಂದ ಬೀಳುತ್ತಿದ್ದ ಬಿಸಿಲಿನಲ್ಲೇ
ನಾನು ಇಷ್ಟು ದಿನ ಗೆರೆ ಎಳೆದದ್ದು.
ಮತ್ತೆ ಏಣಿ. ಈ ಸಲ ವಾರಿಜ
ಒಂದು ಕೈಯಲ್ಲಿ ಏಣಿ ಹಿಡಿದಳು, ಇನ್ನೊಂದರಲ್ಲಿ ಫೋನು.
ಗಾಜಿನ ಹಂಚು ಕೂರಿಸಿದೆ.
ನಕ್ಷೆಯಲ್ಲೂ ಒಂದು ಚೌಕ ಬರೆದೆ.
ಕೂಡಿಸಿದ್ದು ಅದೊಂದೇ.

ತೆಗೆದಿಟ್ಟ ಮಣ್ಣಿನ ಹಂಚು, ಬೆನ್ನ ಮೇಲೆ ನಮ್ಮ ಕಾರ್ಖಾನೆಯ ಮುದ್ರೆ,
ಭಾನುವಾರ ಮಡಿಲಲ್ಲಿಟ್ಟು ಬಸ್ಸು ಹತ್ತಿದೆ.
"ಇದಕ್ಕೂ ಟಿಕೇಟಾ ಅಕ್ಕ?" ಕಂಡಕ್ಟರು ತಮಾಷೆ ಮಾಡಿದ.
ಇನೋಳಿಯಲ್ಲಿ ಇಳಿದು ಗುಡ್ಡೆ ಹತ್ತುವಾಗ
ಕೈಗೆ ಭಾರವಾಗಿ, ಹಳೇ ಅಭ್ಯಾಸ,
ತಲೆ ಮೇಲಿಟ್ಟುಕೊಂಡೆ.

ಎಂಟಕ್ಕೆ ಹತ್ತು ಅಡಿ. ಲೆಕ್ಕ ಹಾಕಿದ್ದೇನೆ,
ಇನ್ನೂರಿಪ್ಪತ್ತು ಬೇಕು.
ಗೇರುಮರದ ಬುಡಕ್ಕೆ ಒರಗಿಸಿ ಬಂದೆ.
ಇನ್ನೂರ ಹತ್ತೊಂಬತ್ತು.